ಕರಾರಿನಲ್ಲಿ ನಮ್ಮೂರಿನ ಹೆಸರು ಎಲ್ಲಿದೆ?

ಕೇಳುಗರಿಗೆ ನಮಸ್ಕಾರ.

ಕಾರವಾರದಿಂದ ಹೊನ್ನಾವರದ ಕಡೆ ಹೊರಟರೆ ಅಂಕೋಲಾ ಹತ್ತಿರ ಹಟ್ಟಿಕೇರಿಯಲ್ಲಿ ಒಂದು ಟೋಲ್ ನಾಕಾ ಸಿಗುತ್ತದೆ. ಕುಮಟಾ ದಾಟಿದ ಮೇಲೆ ಹೊಳೆಗದ್ದೆಯಲ್ಲಿ ಇನ್ನೊಂದು. ರಸ್ತೆ ಸರ್ಕಾರದ್ದು, ವಸೂಲಿ ಕಂಪನಿಯದು. ಲೆಕ್ಕ ಇಷ್ಟೇ: ಸರ್ಕಾರ ಜಾಗ ಕೊಡುತ್ತದೆ, ಕಂಪನಿ ದುಡ್ಡು ಹಾಕಿ ರಸ್ತೆ ಕಟ್ಟುತ್ತದೆ. ಕರಾರಿನ ಅವಧಿ ಮುಗಿಯುವ ತನಕ ಟೋಲ್ ಎತ್ತಿ ಹಾಕಿದ್ದನ್ನು ಲಾಭದ ಸಮೇತ ವಾಪಸ್ ಪಡೆಯುತ್ತದೆ. ಆಮೇಲೆ ರಸ್ತೆ ಪುನಃ ಸರ್ಕಾರದ ಕೈಗೆ. ಪೇಪರಿನಲ್ಲಿ ಪಿಪಿಪಿ ಅಂತ ಓದಿರುತ್ತೀರಲ್ಲ, ಸರ್ಕಾರಿ–ಖಾಸಗಿ ಸಹಭಾಗಿತ್ವ, ಅದು ಇದೇ.

ವಿಶ್ವಸಂಸ್ಥೆಯ ದೇಶಗಳು 2015ರಲ್ಲಿ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಪ್ಪಿಕೊಂಡವು. ಕೊನೆಯದು, ಹದಿನೇಳನೆಯದು, ಪಾಲುದಾರಿಕೆ. ಅದರಲ್ಲಿ ಸರ್ಕಾರ, ಖಾಸಗಿಯವರ ಜೊತೆಗೆ ನಾಗರಿಕ ಸಮಾಜದ ಹೆಸರೂ ಇದೆ. ನಮ್ಮ ಕಡೆ ಬಂದು ಮುಟ್ಟುವಷ್ಟರಲ್ಲಿ ಈ ಮೂರನೆಯವರು ದಾರಿಯಲ್ಲೆಲ್ಲೋ ಇಳಿದುಹೋಗಿರುತ್ತಾರೆ.

ಕಂಪನಿ ಬೇಡವೇ ಬೇಡ ಅನ್ನುವವನಲ್ಲ ನಾನು. ಎಲ್ಲದಕ್ಕೂ ಸರ್ಕಾರದ ಬಳಿ ದುಡ್ಡು ಎಲ್ಲಿದೆ? ಅಗಲವಾದ ರಸ್ತೆ ಬೇಕೇ ಬೇಕು. ರೋಗಿಯನ್ನು ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕರೆದೊಯ್ದವರನ್ನು ಕೇಳಿ, ಅವರು ಹೇಳುತ್ತಾರೆ.

ಹೆಸರು ಹೊಸದು ಅಷ್ಟೇ, ಇಂಥ ಕರಾರನ್ನು ನಮ್ಮ ಉತ್ತರ ಕನ್ನಡ ಜಿಲ್ಲೆ ಮೊದಲೇ ಕಂಡಿದೆ. 1950ರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾಯಿತು. ಬಂಡವಾಳ ಕಂಪನಿಯದು, ಬಿದಿರು ಸರ್ಕಾರಿ ಕಾಡಿನದು. ದರ ಟನ್ನಿಗೆ ಒಂದೂವರೆ ರೂಪಾಯಿ. ಹೌದು, ಟನ್ನಿಗೆ! ಬುಟ್ಟಿ, ಮೊರ ಹೆಣೆಯುವ ಮೇದಾರರು ಪೇಟೆಯಲ್ಲಿ ಅದೇ ಬಿದಿರಿಗೆ ಎಷ್ಟೋ ಪಟ್ಟು ಜಾಸ್ತಿ ಕೊಡಬೇಕಾಗಿತ್ತು. ವರ್ಷ ಕಳೆದ ಹಾಗೆ ಬಿದಿರೇ ಕಾಣದಾಯಿತು. ಬುಟ್ಟಿ ಹೆಣೆಯುವವರು ದೂರು ಕೊಟ್ಟರು. 1975ರಲ್ಲಿ ಸರ್ಕಾರ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರಿಗೆ ಇದನ್ನು ಪರಿಶೀಲಿಸಲು ಹೇಳಿತು.

ಊರವರು ದನ ಮೇಯಿಸಿ, ಸಿಕ್ಕಾಪಟ್ಟೆ ಕಡಿದು ಬಿದಿರು ಹಾಳು ಮಾಡಿದರು ಎಂಬ ಮಾತಿತ್ತು. ಗಾಡ್ಗೀಳರು ಕಾಡಿಗೇ ಹೋಗಿ ಮೆಳೆಯ ಬುಡ ನೋಡಿದರು. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಗೆಲ್ಲುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಮಳೆಗಾಲದಲ್ಲಿ ಕಳಲೆ, ಅಂದರೆ ಬಿದಿರಿನ ಎಳೆ ಮೊಳಕೆ, ಏಳುವುದು ಆ ಮುಳ್ಳಿನ ನಡುವೆ. ದನ, ಹಂದಿ, ಮಂಗ ಯಾವುದೂ ಸುಲಭಕ್ಕೆ ಬಾಯಿ ಹಾಕುವಂತಿಲ್ಲ. ಊರವರು ಬಿದಿರು ಕಡಿಯುವಾಗ ಈ ಮುಳ್ಳಿಗೆ ಕೈ ಹಚ್ಚುತ್ತಿರಲಿಲ್ಲ. ಕಾರ್ಖಾನೆಯ ಕೂಲಿಯಾಳುಗಳು ಮಾತ್ರ, ಕಡಿಯಲು ಸಲೀಸಾಗಲಿ ಅಂತ, ಬುಡವನ್ನೆಲ್ಲ ಚೊಕ್ಕ ಮಾಡುತ್ತಿದ್ದರು. ಮುಳ್ಳು ಹೋಯಿತು, ಎಳೆ ಕಳಲೆ ಪ್ರಾಣಿಗಳ ಪಾಲಾಯಿತು. ಮುಂದಿನ ಬಿದಿರು ಬರುವುದಾದರೂ ಎಲ್ಲಿಂದ?

ಮುಳ್ಳು ಯಾಕಿರಬೇಕು ಅನ್ನುವುದು ಮೇದಾರರಿಗೆ ಗೊತ್ತಿತ್ತು. ಕರಾರು ಮಾಡುವಾಗ ಅವರನ್ನು ಯಾರೂ ಕೇಳಿರಲಿಲ್ಲ. ಕೊನೆಗೆ ಕಂಪನಿಗೂ ನಷ್ಟವೇ ಆಯಿತು, ಹತ್ತಿರದ ಕಾಡಿನ ಬಿದಿರು ಬರಿದಾಗಿ ದೂರದೂರದಿಂದ ತರಿಸಬೇಕಾಯಿತು.

ಈಗಿನ ಮಾತಿಗೆ ಬರುತ್ತೇನೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿತು. ಹೆದ್ದಾರಿ ಪಕ್ಕದ ಚಹಾ ಅಂಗಡಿಯವರು, ಲಾರಿಯವರು ಜೀವ ಕಳೆದುಕೊಂಡರು. ಮಣ್ಣು ಬಿದ್ದ ಹೊಡೆತಕ್ಕೆ ಪಕ್ಕದ ಗಂಗಾವಳಿ ಹೊಳೆಯ ನೀರೆದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಆ ರಸ್ತೆಯ ಕರಾರಿಗೂ ಉಳುವರೆಗೂ ಏನು ಸಂಬಂಧ? ಕಾಗದದ ಮೇಲೆ ಏನೂ ಇಲ್ಲ.

ಮಳೆ ಜೋರಿತ್ತು, ನಿಜ. ಯಾರ ತಪ್ಪು ಎಷ್ಟು ಅಂತ ಇಲ್ಲಿ ಕೂತು ತೀರ್ಪು ಕೊಡುವುದಿಲ್ಲ. ಆದರೆ ಹೆದ್ದಾರಿಗಳ ಮಾದರಿ ಕರಾರನ್ನು ಒಮ್ಮೆ ನೋಡಿ. ವಾಹನ ಕಡಿಮೆಯಾದರೆ ಏನು, ಜಾಗ ಸಿಗುವುದು ತಡವಾದರೆ ಯಾರು ಯಾರಿಗೆ ಕೊಡಬೇಕು, ಎಲ್ಲ ಬರೆದಿದೆ. ಭೂಕುಸಿತ ಮಾತ್ರ ಭೂಕಂಪ, ಚಂಡಮಾರುತ, ಪ್ರವಾಹದ ಸಾಲಿನಲ್ಲಿದೆ, ಯಾರ ಕೈಯಲ್ಲೂ ಇಲ್ಲದ ಅವಘಡ ಅಂತ. ನಮ್ಮ ಘಟ್ಟದ ಬುಡದಲ್ಲಿ, ಈ ಮಳೆಯಲ್ಲಿ, ಕಡಿದ ಗುಡ್ಡ ಜಾರುವುದನ್ನೂ ಭೂಕಂಪದ ಪಕ್ಕದಲ್ಲಿ ಕೂರಿಸುವುದೇ?

ಮರು ತಿಂಗಳು, ಆಗಸ್ಟ್ 7ರ ನಡುರಾತ್ರಿ, ಇದೇ ಹೆದ್ದಾರಿಯಲ್ಲಿ ಕಾರವಾರದ ಹತ್ತಿರ ಕಾಳಿ ಹೊಳೆಯ ಹಳೇ ಸೇತುವೆ ಕುಸಿಯಿತು. ನೀರಿಗೆ ಬಿದ್ದ ಲಾರಿಯ ಚಾಲಕನನ್ನು ಪೊಲೀಸರು, ಮೀನುಗಾರರು ಸೇರಿ ಬದುಕಿಸಿದರು. ಹೊಸ ಸೇತುವೆ ಆದ ಮೇಲೂ ಒಂದು ಬದಿಯ ಓಡಾಟ ಹಳೆಯದರ ಮೇಲೇ ನಡೆದಿತ್ತು. ಅದರ ತಪಾಸಣೆಯ ವರದಿ ಸೇತುವೆಯ ಆಚೀಚೆ ದಡದ ಕೋಡಿಬಾಗದವರ ಕೈಗೋ ಸದಾಶಿವಗಡದವರ ಕೈಗೋ ಎಂದಾದರೂ ಬಂದಿತ್ತೇ? ಬಂದರೂ ಎಷ್ಟು ಜನ ಓದುತ್ತಿದ್ದರು ಅನ್ನಬಹುದು. ಅದು ಬೇರೆ ಮಾತು. ಒಬ್ಬ ಓದಿದರೂ ಸಾಕಾಗುತ್ತದೆ, ಅಲ್ವಾ?

ಊರವರು ಮೊದಲೇ ಬಾಯಿ ತೆರೆದದ್ದೂ ಉಂಟು. ಅಘನಾಶಿನಿ ಹೊಳೆ ಸಮುದ್ರ ಸೇರುವ ತದಡಿಯಲ್ಲಿ 4000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವ ಯೋಚನೆ ಇತ್ತು. ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಕಗ್ಗ ಎಂಬ ಭತ್ತ ಬೆಳೆಯುವವರು, ಅಳಿವೆಯಲ್ಲಿ ಮೀನು, ಬಳಚು ಎಂಬ ಚಿಪ್ಪುಮೀನು ಹಿಡಿದು ಬದುಕುವವರು ಅಲ್ಲಿದ್ದರು. ಜನ ಒಪ್ಪಲಿಲ್ಲ, ಸ್ಥಾವರ ಬರಲಿಲ್ಲ. ಅದೇ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು.

ಪ್ರತಿ ಸಲ ಬೀದಿಗೆ ಇಳಿದೇ ಹೇಳಬೇಕು ಅಂದರೆ ಕಷ್ಟ. ಸುಲಭದ ದಾರಿ ಕಾನೂನಿನಲ್ಲೇ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಯಾರೂ ಕೇಳದಿದ್ದರೂ ಸರ್ಕಾರಿ ಸಂಸ್ಥೆಗಳು ತಾವಾಗಿಯೇ ಮಾಹಿತಿ ಹೊರಗಿಡಬೇಕು ಅನ್ನುತ್ತದೆ. ಅದನ್ನು ತಲುಪಿಸುವಾಗ ಆ ಊರಿನ ಭಾಷೆಯನ್ನು ಗಮನದಲ್ಲಿಡಬೇಕು ಅಂತಲೂ ಅದೇ ಸೆಕ್ಷನ್ ಹೇಳುತ್ತದೆ. ನೂರಾರು ಪುಟದ ಇಂಗ್ಲಿಷ್ ಕರಾರನ್ನು ವೆಬ್‌ಸೈಟಿಗೆ ಏರಿಸಿ ಕೈ ತೊಳೆದುಕೊಂಡರೆ ಆಗಲಿಲ್ಲ. ಸಹಿ ಬೀಳುವ ಮೊದಲೇ ಅದರ ಕನ್ನಡ ಸಾರ ಗ್ರಾಮಸಭೆಯಲ್ಲಿ ಓದಲಿ. ಎಲ್ಲಿ ಗುಡ್ಡ ಕಡಿಯುತ್ತಾರೆ, ನೀರು ಯಾವ ಕಡೆ ಹರಿಯುತ್ತದೆ, ಅನಾಹುತವಾದರೆ ಹೊಣೆ ಯಾರದು, ಇಷ್ಟಾದರೂ ಅದರಲ್ಲಿರಲಿ. ಊರವರು ಎತ್ತಿದ ತಕರಾರು ಕರಾರಿಗೆ ಸೇರಲಿ. ಸೇತುವೆ, ಗುಡ್ಡದ ತಪಾಸಣೆ ವರದಿ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಪಂಚಾಯಿತಿ ಬೋರ್ಡಿನ ಮೇಲಿರಲಿ.

ಮುಂದಿನ ಗ್ರಾಮಸಭೆಗೆ ಹೋದಾಗ ನಿಮ್ಮೂರ ಪಕ್ಕದ ಕಾಮಗಾರಿಯ ಕರಾರು ಪಂಚಾಯಿತಿಗೆ ಬಂದಿದೆಯಾ ಅಂತ ಪಿಡಿಓ ಅವರನ್ನು ಕೇಳಿ. ಬಂದಿಲ್ಲ ಅಂದರೆ ಹೆದ್ದಾರಿ ಪ್ರಾಧಿಕಾರಕ್ಕೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನದೊಳಗೆ ಅವರು ಉತ್ತರ ಕೊಡಬೇಕು.

ನಮಸ್ಕಾರ.