ಚಹಾ ಬಣ್ಣದ ನೀರಿನ ಪರೀಕ್ಷೆ

ಕೇಳುಗರಿಗೆ ನಮಸ್ಕಾರ.

ಮೀನಿನ ತೊಟ್ಟಿಗೆ ಹೊಸ ಡ್ರಿಫ್ಟ್‌ವುಡ್, ಅಂದರೆ ಅಲಂಕಾರಕ್ಕೆ ಇಡುವ ಮರದ ತುಂಡು, ಇಟ್ಟಿದ್ದೀರಿ. ನಾಲ್ಕೇ ದಿನಕ್ಕೆ ನೀರು ಹಾಲು ಹಾಕದ ಚಹಾದಂತೆ ಕಾಣುತ್ತಿದೆ. ಗಾಬರಿಯಾಗಿ ನೀರೆಲ್ಲ ಚೆಲ್ಲಬೇಡಿ. ಅದು ಕೊಳೆಯಲ್ಲ, ಮರ ಬಿಟ್ಟ ಟ್ಯಾನಿನ್ ಅನ್ನುವ ಕಂದು ಬಣ್ಣದ ವಸ್ತು. ದಕ್ಷಿಣ ಅಮೆರಿಕದ ರಿಯೋ ನೀಗ್ರೋ ನದಿಯ ನೀರೂ ಹೀಗೇ ಇರುತ್ತದೆ. ನಾವು ಆಸೆಪಟ್ಟು ಸಾಕುವ ಕಾರ್ಡಿನಲ್ ಟೆಟ್ರಾ ಮೀನಿಗೆ ಅದೇ ತವರು.

ಟ್ಯಾನಿನ್‌ಗೆ ಆಮ್ಲದ ಗುಣ ಇದೆ. ಪಿಎಚ್ ಇಳಿಸುತ್ತದೆ. ನೀರು ಆಮ್ಲವೋ ಕ್ಷಾರವೋ ಅನ್ನುವ ಅಳತೆ ಪಿಎಚ್; ಇಳಿದಷ್ಟೂ ಆಮ್ಲ ಜಾಸ್ತಿ. ಎಷ್ಟು ಇಳಿಸುತ್ತದೆ? ಅದು ಮರಕ್ಕಿಂತ ಜಾಸ್ತಿ ನಿಮ್ಮ ನೀರಿನ ಮೇಲೆ ನಿಂತಿದೆ. ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ ಎಂಬ ಲವಣ ಆಮ್ಲವನ್ನು ತಡೆಯುತ್ತದೆ. ಆ ತಡೆಯುವ ಶಕ್ತಿಯ ಅಳತೆಯೇ ಕೆಎಚ್. ಗಡಸು ಬೋರ್‌ವೆಲ್ ನೀರಿನಲ್ಲಿ ದೊಡ್ಡ ಮರ ಇಟ್ಟರೂ ಪಿಎಚ್ ಅಲುಗದೇ ಇರಬಹುದು. ಮಳೆನೀರು, ಆರ್‌ಒ ನೀರಾದರೆ ಬೇಗ ಕುಸಿಯಬಹುದು. ಹಾಗಾಗಿ ಮೊದಲು ಕೆಎಚ್ ನೋಡಿ. ಸಾಮಾನ್ಯ ನೀರು ಪರೀಕ್ಷೆಯ ಕಿಟ್‌ನಲ್ಲಿ 5 ಮಿಲಿ ನೀರಿಗೆ ಹನಿ ಹನಿಯಾಗಿ ದ್ರಾವಣ ಬಿಡಬೇಕು. ನೀಲಿ ಹೋಗಿ ಹಳದಿ ಬರುವವರೆಗೆ ಹನಿ ಎಣಿಸಿ. ಒಂದು ಹನಿಗೆ ಒಂದು ಡಿಗ್ರಿ ಕೆಎಚ್.

ಪಿಎಚ್ ನೋಡುವಾಗ ಕಣ್ಣು ಮೋಸ ಹೋಗುತ್ತದೆ. ಬಹಳಷ್ಟು ಕಿಟ್‌ಗಳಲ್ಲಿ ಆಮ್ಲಕ್ಕೆ ಹಳದಿ, ಕ್ಷಾರಕ್ಕೆ ನೀಲಿ. ನೀರೇ ಹಳದಿ ಇದ್ದರೆ ನೀಲಿಯೂ ಹಸಿರಾಗಿ ಕಾಣುತ್ತದೆ ಅಲ್ವಾ? ಪಿಎಚ್ ಇದ್ದುದಕ್ಕಿಂತ ಕಡಿಮೆ ಅನಿಸುತ್ತದೆ. ಇದಕ್ಕೆ ಉಪಾಯ ಇದೆ. ಇನ್ನೊಂದು ಸೀಸೆಯಲ್ಲಿ ದ್ರಾವಣ ಹಾಕದ ತೊಟ್ಟಿಯ ನೀರು ತುಂಬಿ. ಅದನ್ನು ಬಣ್ಣದ ಪಟ್ಟಿಯ ಮೇಲಿಟ್ಟು ಅದರ ಮೂಲಕವೇ ಬಣ್ಣ ನೋಡಿ, ಪಕ್ಕದ ಪರೀಕ್ಷೆಯ ಸೀಸೆಗೆ ಹೋಲಿಸಿ. ಆಗ ಎರಡೂ ಕಡೆ ಅದೇ ಹಳದಿ ಛಾಯೆ ಇರುತ್ತದೆ.

ಪಿಎಚ್ 6ಕ್ಕಿಂತ ಕೆಳಗಿಳಿದಿದ್ದರೆ ದಯವಿಟ್ಟು ಒಂದೇ ಸಲಕ್ಕೆ ಅಡುಗೆ ಸೋಡಾ ಸುರಿದು ಏರಿಸಬೇಡಿ. ಅಷ್ಟು ಆಮ್ಲದಲ್ಲಿ ತ್ಯಾಜ್ಯ ತಿನ್ನುವ ಬ್ಯಾಕ್ಟೀರಿಯಾ ಮಂಕಾಗಿರುತ್ತವೆ. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾ ಕಡಿಮೆ ವಿಷದ ಅಮೋನಿಯಂ ರೂಪದಲ್ಲಿ ಕೂಡಿಕೊಂಡಿರುತ್ತದೆ. ಪಿಎಚ್ ಏರಿದ ಕೂಡಲೇ ಅದೇ ವಿಷ ಅಮೋನಿಯಾ ಆಗುತ್ತದೆ. ನೀರು ತಿಳಿಯಾಗಿದ್ದರೂ ಮೀನು ಸಾಯಬಹುದು. ಮೊದಲು ಅಮೋನಿಯಾ ಪರೀಕ್ಷೆ ಮಾಡಿ. ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ನೀರು ಬದಲಿಸಿ.

ಮರ ಇನ್ನೂ ತೊಟ್ಟಿಗೆ ಇಳಿದಿಲ್ಲವಾದರೆ ಎರಡು ಬಕೆಟ್ ತೆಗೆದುಕೊಳ್ಳಿ. ಎರಡಕ್ಕೂ ಒಂದೇ ನಲ್ಲಿಯ ನೀರು. ಒಂದರಲ್ಲಿ ಮರ, ಇನ್ನೊಂದರಲ್ಲಿ ಬರೀ ನೀರು. ಒಂದು ವಾರ ಬಿಟ್ಟು ಎರಡರ ಕೆಎಚ್, ಪಿಎಚ್ ನೋಡಿ. ಅಷ್ಟು ದಿನ ಮೀನಿಗೆ ಏನೂ ಆಗುವುದಿಲ್ಲ, ಮರ ಏನು ಮಾಡುತ್ತದೆ ಅನ್ನುವುದು ನಿಮಗೆ ಗೊತ್ತಾಗುತ್ತದೆ.

ನಮಸ್ಕಾರ.