ಒಂಟಿ ಕಪ್ಪು ಕುಳಿಯ ತೂಕ

ಕೇಳುಗರಿಗೆ ನಮಸ್ಕಾರ.

ಮಳೆ ಹಿಂದೆ ಸರಿದು ಆಕಾಶ ತಿಳಿಯಾಗುವ ಅಕ್ಟೋಬರ್ ದಿನಗಳಿವು. ಕತ್ತಲಾಗುತ್ತಿದ್ದಂತೆ ಕಾರವಾರದ ಕಡಲತೀರದಲ್ಲಿ ನಿಂತು ನೈರುತ್ಯಕ್ಕೆ ನೋಡಿ. ವೃಶ್ಚಿಕದ ಬಾಲದ ಪಕ್ಕದಲ್ಲೇ ಧನು ರಾಶಿಯಿದೆ. ಆ ದಿಕ್ಕಿನಲ್ಲಿ, ಸುಮಾರು 5,000 ಜ್ಯೋತಿರ್ವರ್ಷ ದೂರದಲ್ಲಿ, ಒಂದು ಕಪ್ಪು ಕುಳಿ ಒಂಟಿಯಾಗಿ ಸಾಗುತ್ತಿದೆ.

ಜೊತೆಗೊಂದು ನಕ್ಷತ್ರವಿದ್ದರೆ ಕಪ್ಪು ಕುಳಿಯನ್ನು ಪತ್ತೆಹಚ್ಚಬಹುದು. ಸೆಳೆದುಕೊಂಡ ಅನಿಲ ಕಾದು ಎಕ್ಸ್-ಕಿರಣ ಸೂಸುತ್ತದೆ, ಇಲ್ಲವೇ ಜೊತೆಗಾರನ ಓಲಾಟ ಸುಳಿವು ಕೊಡುತ್ತದೆ. ಒಂಟಿಯಾದದ್ದಕ್ಕೆ ಇವೆರಡೂ ಇಲ್ಲ. ಅಂಥವು ನಮ್ಮ ಆಕಾಶಗಂಗೆಯಲ್ಲಿ ಕೋಟಿಗಟ್ಟಲೆ ಇರಬೇಕೆಂಬುದು ಅಂದಾಜು.

ರಾತ್ರಿ ಕಡಲಿನಲ್ಲಿ ದೂರದ ದೋಣಿಯ ದೀಪದೆದುರು ದೀಪ ಹಚ್ಚದ ಇನ್ನೊಂದು ದೋಣಿ ಹಾದರೆ ಬೆಳಕು ಮರೆಯಾಗುತ್ತದೆ. ಆಕಾಶದಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಕುಳಿಯ ಗುರುತ್ವ ಹಿಂದಿನ ನಕ್ಷತ್ರದ ಬೆಳಕನ್ನು ಬಾಗಿಸಿ ನಮ್ಮತ್ತ ಕೂಡಿಸುವುದರಿಂದ ಆ ನಕ್ಷತ್ರ ತಿಂಗಳುಗಟ್ಟಲೆ ಹೆಚ್ಚು ಬೆಳಗಿ, ಮತ್ತೆ ಮೊದಲಿನಂತಾಗುತ್ತದೆ. ಇದೇ ಗುರುತ್ವ ಮಸೂರ. ಇದನ್ನು ನೇರವಾಗಿ ಕಾಣುವ ಭರವಸೆಯಿಲ್ಲವೆಂದು 1936ರಲ್ಲಿ ಸ್ವತಃ ಐನ್‌ಸ್ಟೈನ್ ಬರೆದಿದ್ದರು!

2011ರಲ್ಲಿ ಚಿಲಿಯಿಂದ ನಡೆಯುವ ಓಗಲ್ ಮತ್ತು ನ್ಯೂಜಿಲೆಂಡಿನ ಮೋವಾ ಎಂಬ ಆಕಾಶ ಸಮೀಕ್ಷೆಗಳು ಹೀಗೆ ಬೆಳಗಿದ ನಕ್ಷತ್ರವೊಂದನ್ನು ಗುರುತಿಸಿದವು. ಆದರೆ ಬೆಳಕು ಏರಿಳಿದದ್ದಷ್ಟರಿಂದಲೇ ತೂಕ ತಿಳಿಯುವುದಿಲ್ಲ. ನಿಧಾನವಾಗಿ ಸಾಗುವ ಹಗುರ ಕಾಯವೂ ವೇಗದ ಭಾರೀ ಕಾಯವೂ ಒಂದೇ ಬಗೆಯ ಏರಿಳಿತ ತೋರಿಸಬಹುದು. ತೂಕ ಬೇಕಾದರೆ, ಹಿಂದಿನ ನಕ್ಷತ್ರ ತನ್ನ ಜಾಗದಿಂದ ಎಷ್ಟು ಸರಿದಂತೆ ಕಾಣುತ್ತದೆ ಎಂಬುದನ್ನೂ ಅಳೆಯಬೇಕು. ಆ ಸರಿತ ಎಷ್ಟು? ಒಂದು ಡಿಗ್ರಿಯನ್ನು 36 ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದೆರಡು ಭಾಗ. ಹಬಲ್ ದೂರದರ್ಶಕ 2017ರವರೆಗೆ ಆರು ವರ್ಷ ಇದನ್ನು ಬೆನ್ನುಹತ್ತಿತು. ಕ್ಷಣದ ಸುದ್ದಿಗೆ ಹಾತೊರೆಯುವ ನಮಗೆ ಈ ತಾಳ್ಮೆ ತಿಳಿಯಬೇಕೆಂದೇ ಇದನ್ನು ಬಿಡಿಸಿ ಹೇಳುತ್ತಿದ್ದೇನೆ.

2022ರಲ್ಲಿ ಖಗೋಳವಿಜ್ಞಾನಿ ಕೈಲಾಶ್ ಸಾಹು ಅವರ ತಂಡ, ಆ ನಕ್ಷತ್ರದೆದುರು ಹಾದ ಕಾಣದ ಕಾಯದ ತೂಕ ಸೂರ್ಯನ ಏಳು ಪಟ್ಟು ಎಂದಿತು. ಇನ್ನೊಬ್ಬ ಖಗೋಳವಿಜ್ಞಾನಿ ಕೇಸಿ ಲ್ಯಾಮ್ ಅವರ ತಂಡಕ್ಕೆ ಸಿಕ್ಕಿದ್ದು 1.6ರಿಂದ 4.4 ಪಟ್ಟು. ಹಾಗಿದ್ದರೆ ಇದು ನ್ಯೂಟ್ರಾನ್ ನಕ್ಷತ್ರವೂ, ಅಂದರೆ ಭಾರೀ ನಕ್ಷತ್ರ ಕುಸಿದು ಉಳಿಯುವ ಅತಿ ದಟ್ಟ ಕಾಯವೂ, ಆಗಿರಬಹುದಿತ್ತು. ಈ ಭಿನ್ನಮತವೇ ನನಗೆ ಅತಿ ಮೆಚ್ಚುಗೆಯ ಭಾಗ: ಯಾರೂ ಹಟ ಹಿಡಿಯಲಿಲ್ಲ, ಹಬಲ್‌ನ ಹೊಸ ಚಿತ್ರಗಳನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದರು. ಈಗ ಎರಡೂ ತಂಡಗಳ ಉತ್ತರ ಸುಮಾರು ಆರರಿಂದ ಏಳು ಸೂರ್ಯರಷ್ಟು. ಅಷ್ಟು ತೂಕದ ನ್ಯೂಟ್ರಾನ್ ನಕ್ಷತ್ರ ಇರಲಾರದು. ಇದು ಕಪ್ಪು ಕುಳಿಯೇ.

ನ್ಯೂಟ್ರಾನ್ ನಕ್ಷತ್ರ ಇನ್ನೂ ಹಗುರವಾದ್ದರಿಂದ ಅದು ಉಂಟುಮಾಡುವ ಸರಿತವೂ ಕಿರಿದು. ಅಂಥ ಒಂಟಿಗಳನ್ನು ತೂಗಲು ಹಬಲ್‌ಗಿಂತ ಬಹು ವಿಶಾಲ ನೋಟದ, ನಾಸಾದ ನ್ಯಾನ್ಸಿ ಗ್ರೇಸ್ ರೋಮನ್ ಬಾಹ್ಯಾಕಾಶ ದೂರದರ್ಶಕ ನೆರವಾಗಲಿದೆ. ಆಕಾಶಗಂಗೆಯ ನಡುಭಾಗವನ್ನು ಪದೇ ಪದೇ ಚಿತ್ರಿಸುವುದು ಅದರ ಮುಖ್ಯ ಕೆಲಸಗಳಲ್ಲೊಂದು.

ನಮಸ್ಕಾರ.