ಎಣ್ಣೆ, ಅಕ್ಕಿ, ಕ್ಷಿಪಣಿ: ಭಾರತ ಮತ್ತು ಆಸಿಯಾನ್

ಎಲ್ಲರಿಗೂ ನಮಸ್ಕಾರ.

ಭಾರತ ಮತ್ತು ಆಸಿಯಾನ್ ನಡುವಿನ ವ್ಯಾಪಾರ, ರಕ್ಷಣಾ ಸಹಕಾರದ ಬಗ್ಗೆ ಮಾತಾಡಿ ಎಂದು ವಾಣಿಜ್ಯ ವಿಭಾಗದವರು ಕೇಳಿದ್ದಾರೆ. ಇಂಥ ಭಾಷಣದಲ್ಲಿ ಶೃಂಗಸಭೆಗಳ ಪಟ್ಟಿ ಓದೋದು ವಾಡಿಕೆ. ಅದನ್ನು ಒಂದೇ ಉಸಿರಿಗೆ ಮುಗಿಸಿಬಿಡ್ತೇನೆ. ಆಸಿಯಾನ್ ಅಂದರೆ 1967ರಲ್ಲಿ ಬ್ಯಾಂಕಾಕಿನಲ್ಲಿ ಆಗ್ನೇಯ ಏಷ್ಯಾದ ಐದು ದೇಶಗಳು ಕಟ್ಟಿಕೊಂಡ ಕೂಟ. 2025ರಲ್ಲಿ ಪೂರ್ವ ತಿಮೋರ್ ಸೇರಿ ಹನ್ನೊಂದು ದೇಶಗಳಾದವು. ನಾವು ಇವರ ಜೊತೆ ಮಾತುಕತೆ ಶುರು ಮಾಡಿದ್ದು 1992ರಲ್ಲಿ. 2002ರಿಂದ ನಾಯಕರ ಮಟ್ಟದ ಸಭೆಗಳು. 2018ರ ಗಣರಾಜ್ಯೋತ್ಸವಕ್ಕೆ ಆಗಿನ ಹತ್ತೂ ದೇಶಗಳ ನಾಯಕರು ದೆಹಲಿಗೆ ಬಂದಿದ್ದರು. ಇಷ್ಟು ಸಾಕು.

ಈಗ ದುಡ್ಡಿನ ವಿಚಾರ. ಸರಕು ವ್ಯಾಪಾರದ ಒಪ್ಪಂದಕ್ಕೆ 2009ರಲ್ಲಿ ಸಹಿ ಬಿತ್ತು, 2010ರ ಜನವರಿ 1ರಿಂದ ಜಾರಿಗೆ ಬಂತು. ಆ ಹೊಸತರಲ್ಲಿ ನಮ್ಮ ವ್ಯಾಪಾರ ಕೊರತೆ, ಅಂದರೆ ಮಾರಿದ್ದಕ್ಕಿಂತ ಹೆಚ್ಚಿಗೆ ಕೊಂಡ ಮೊತ್ತ, ವರ್ಷಕ್ಕೆ ಹತ್ತು ಶತಕೋಟಿ ಡಾಲರಿಗಿಂತ ಕಡಿಮೆ ಇತ್ತು. ಈಗ ನಲವತ್ತು ದಾಟಿದೆ. 2024-25ರಲ್ಲಿ ಒಟ್ಟು ವ್ಯಾಪಾರ ಸುಮಾರು 123 ಶತಕೋಟಿ ಡಾಲರ್. ಅದರಲ್ಲಿ ನಾವು ಮಾರಿದ್ದು ಮೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಸುಂಕ ಇಳಿಸಿದ್ದರಲ್ಲೂ ಅವರಲ್ಲಿ ಕೆಲವರಿಗಿಂತ ನಾವು ಮುಂದೆ. ನಮ್ಮ ಸರಕು ಪಟ್ಟಿಯ ಸುಮಾರು 71 ಶೇಕಡಾ ಬಾಬುಗಳನ್ನು ನಾವು ತೆರೆದಿಟ್ಟೆವು. ಇಂಡೋನೇಷ್ಯಾ ತೆರೆದದ್ದು 41 ಶೇಕಡಾ. ಈ ಲೆಕ್ಕ ನೋಡಿಯೇ ಒಪ್ಪಂದದ ಮರುಪರಿಶೀಲನೆಗೆ ನಮ್ಮ ಸರ್ಕಾರ ಪಟ್ಟು ಹಿಡಿದದ್ದು. 2023ರಲ್ಲಿ ಎರಡೂ ಕಡೆಯವರು ಅದಕ್ಕೆ ಒಪ್ಪಿದರು.

ಇಂಡೋನೇಷ್ಯಾ ತನ್ನ ಬಾಗಿಲನ್ನು ಇನ್ನಷ್ಟು ತೆಗೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಕೊರತೆಯ ಬಗ್ಗೆ ಸುಮ್ನೆ ಗೋಳಾಡೋದು ನನಗೆ ಸರಿ ಕಾಣಲ್ಲ. ತರಿಸಿಕೊಳ್ಳುತ್ತಿರುವುದು ಏನು ಅಂತ ನೋಡಿ. ಇಂಡೋನೇಷ್ಯಾದಿಂದ ಕಲ್ಲಿದ್ದಲು, ಪಾಮ್ ಎಣ್ಣೆ. ಮಲೇಷ್ಯಾದಿಂದಲೂ ಪಾಮ್ ಎಣ್ಣೆ. ಸಿಂಗಪುರ, ವಿಯೆಟ್ನಾಂನಿಂದ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳು. ಇವನ್ನು ಬೇಡ ಅನ್ನೋ ಸ್ಥಿತಿಯಲ್ಲಿ ನಾವಿಲ್ಲ. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನದು.

ನನ್ನ ಚಿಂತೆ ಬೇರೆ. ಕಷ್ಟ ಬಂದಾಗ ಈ ನಂಟು ನಿಲ್ಲುತ್ತಾ? ಇತ್ತೀಚಿನ ಮೂರು ಸಲ ನಿಲ್ಲಲಿಲ್ಲ.

ಮೊದಲನೆಯದು 2020ರ ಜನವರಿ. ಆಗ ಮಲೇಷ್ಯಾ ಪ್ರಧಾನಿಯಾಗಿದ್ದ ಮಹಾತಿರ್ ಕಾಶ್ಮೀರ ಮತ್ತು ಪೌರತ್ವ ಕಾಯ್ದೆಯ ಬಗ್ಗೆ ಟೀಕೆ ಮಾಡಿದ್ದರು. ದೆಹಲಿ ಸಂಸ್ಕರಿಸಿದ ಪಾಮ್ ಎಣ್ಣೆಯ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಆದೇಶದಲ್ಲಿ ಮಲೇಷ್ಯಾದ ಹೆಸರಿರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ, ಎಲ್ಲರಿಗೂ ಅರ್ಥವಾಗಿತ್ತು. ತಿರುಗಿ ಕ್ರಮ ಕೈಗೊಳ್ಳೋಕೆ ನಾವು ತುಂಬಾ ಚಿಕ್ಕವರು ಎಂದು ಮಹಾತಿರ್ ಹೇಳಿ ಸುಮ್ಮನಾದರು. ಚಿಕ್ಕ ದೇಶಗಳು ಇಂಥದ್ದನ್ನು ಅಷ್ಟು ಸುಲಭವಾಗಿ ಮರೆಯಲ್ಲ.

ಎರಡನೆಯದು 2022ರ ಬೇಸಿಗೆ. ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಸೂರ್ಯಕಾಂತಿ ಎಣ್ಣೆ ಬರೋದು ಕಡಿಮೆಯಾಯಿತು. ಇನ್ನು ಪಾಮ್ ಎಣ್ಣೆಯೇ ಗತಿ ಅಂದುಕೊಳ್ಳುವಷ್ಟರಲ್ಲಿ, ಏಪ್ರಿಲ್ 28ರಿಂದ ಇಂಡೋನೇಷ್ಯಾ ಅದರ ರಫ್ತನ್ನೇ ನಿಲ್ಲಿಸಿತು. ಅವರ ಊರಲ್ಲೇ ಬೆಲೆ ಏರಿತ್ತು, ಜನ ಬೀದಿಗಿಳಿದಿದ್ದರು. ಮೇ 23ಕ್ಕೆ ನಿಷೇಧ ತೆಗೆದರು. ಒಂದು ತಿಂಗಳೂ ಆಗಿರಲಿಲ್ಲ. ಬಜ್ಜಿ ಅಂಗಡಿ, ಬೇಕರಿ, ಚಿಪ್ಸ್ ಕಾರ್ಖಾನೆ ನಡೆಸುವವರನ್ನು ಕೇಳಿ ನೋಡಿ, ಆ ಬೇಸಿಗೆ ಹೇಗಿತ್ತು ಅಂತ ಹೇಳ್ತಾರೆ. ಸುಂಕ ಕಡಿತದ ಒಪ್ಪಂದ ಆಗಲೂ ಜಾರಿಯಲ್ಲೇ ಇತ್ತು. ಸರಕೇ ಬರದಿದ್ದರೆ ಸುಂಕ ಎಷ್ಟಿದ್ದರೇನು?

ಮೂರನೆಯದು ನಮ್ಮದೇ ಕೆಲಸ. 2023ರ ಜುಲೈ 20ರಂದು ನಾವು ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧಿಸಿದೆವು. ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಸುಮಾರು 40 ಶೇಕಡಾ ನಮ್ಮದು. ಆಗಸ್ಟ್ ಹೊತ್ತಿಗೆ ಜಾಗತಿಕ ಬೆಲೆ ಹದಿನೈದು ವರ್ಷದಲ್ಲಿ ಕಾಣದ ಎತ್ತರಕ್ಕೆ ಹೋಯಿತು. ಸೆಪ್ಟೆಂಬರಿನಲ್ಲಿ ಫಿಲಿಪೀನ್ಸ್ ಸರ್ಕಾರ ಅಕ್ಕಿಗೆ ಗರಿಷ್ಠ ಬೆಲೆ ಕಟ್ಟಬೇಕಾಯಿತು. ಆಮೇಲೆ ನಾವು ಸರ್ಕಾರದಿಂದ ಸರ್ಕಾರಕ್ಕೆ ಅಂತ ಫಿಲಿಪೀನ್ಸಿಗೆ 2,95,000 ಟನ್, ಮಲೇಷ್ಯಾಕ್ಕೆ 1,70,000 ಟನ್ ಬಿಟ್ಟೆವು. ಒಳ್ಳೆಯದೇ. ಆದರೆ ಅದು ಕೇಳಿದ ಮೇಲೆ ಕೊಟ್ಟದ್ದು. ಮೊದಲೇ ಮಾತಾಗಿದ್ದರೆ ಅಷ್ಟು ಗಾಬರಿ ಆಗುತ್ತಿರಲಿಲ್ಲ.

ಇದೇ ಫಿಲಿಪೀನ್ಸ್ 2022ರ ಜನವರಿಯಲ್ಲಿ ನಮ್ಮಿಂದ ಬ್ರಹ್ಮೋಸ್ ಕ್ಷಿಪಣಿ ಕೊಳ್ಳಲು ಸುಮಾರು 375 ದಶಲಕ್ಷ ಡಾಲರಿನ ಒಪ್ಪಂದ ಮಾಡಿಕೊಂಡಿತ್ತು. ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾದ ಹಡಗುಗಳ ಕಾಟ ಅವರಿಗೆ ದಿನನಿತ್ಯದ್ದು. 2024ರ ಏಪ್ರಿಲಿನಲ್ಲಿ ಮೊದಲ ಕಂತಿನ ಕ್ಷಿಪಣಿ ತಲುಪಿತು. ಆಗಲೂ ನಮ್ಮ ಬಿಳಿ ಅಕ್ಕಿಯ ನಿಷೇಧ ಜಾರಿಯಲ್ಲೇ ಇತ್ತು. ಕ್ಷಿಪಣಿ ಕೊಟ್ಟು ಅಕ್ಕಿ ತಡೆದರೆ ಮನಿಲಾದ ಜನಸಾಮಾನ್ಯ ಯಾವುದನ್ನು ನೆನಪಿಟ್ಟುಕೊಳ್ತಾನೆ? ರಕ್ಷಣಾ ಇಲಾಖೆ ಒಂದು ಕಡೆ, ಆಹಾರ ಇಲಾಖೆ ಇನ್ನೊಂದು ಕಡೆ ನೋಡ್ತಾ ಇದ್ದರೆ ಹೀಗೇ ಆಗೋದು.

ಚೀನಾ ಇಲ್ಲಿ ನಮಗಿಂತ ಬಹಳ ಮುಂದಿದೆ. ಆಸಿಯಾನ್ ಜೊತೆ ಅದರ ವ್ಯಾಪಾರ ವರ್ಷಕ್ಕೆ ಒಂದು ಲಕ್ಷ ಕೋಟಿ ಡಾಲರಿನ ಹತ್ತಿರ. ಚೀನಾ ಮತ್ತು ಆಸಿಯಾನ್ ಎರಡೂ ಇರುವ ಆರ್‌ಸಿಇಪಿ ಎಂಬ ಮುಕ್ತ ವ್ಯಾಪಾರ ಕೂಟದಿಂದ ನಾವು 2019ರ ನವೆಂಬರಿನಲ್ಲಿ ಹೊರಗುಳಿದೆವು. ಹೊರಗಿನ ಅಗ್ಗದ ಹಾಲಿನ ಉತ್ಪನ್ನಗಳ ಭಯ ತಪ್ಪಿತೆಂದು ನಮ್ಮ ಹೈನುಗಾರರು ಅವತ್ತು ನಿಟ್ಟುಸಿರು ಬಿಟ್ಟದ್ದು ಸಹಜ. ಆದರೆ ಹೊರಗುಳಿದ ಮೇಲೆ ಇಡೀ ಆಸಿಯಾನ್ ಜೊತೆ ವ್ಯವಹರಿಸಲು ನಮಗಿರುವ ಮುಖ್ಯ ದಾರಿ 2009ರ ಈ ಒಪ್ಪಂದವೇ. ರಸ್ತೆ ದಾರಿ ಅಂತೂ ನಿಂತ ಹಾಗೇ ಇದೆ. ಮಣಿಪುರದ ಮೋರೆಯಿಂದ ಮ್ಯಾನ್ಮಾರ್ ದಾಟಿ ಥಾಯ್ಲೆಂಡಿನ ಮೇ ಸೋಟ್ ತನಕದ ಹೆದ್ದಾರಿ 2021ರ ಸೇನಾ ದಂಗೆಯ ಮೇಲೆ ಕುಂಟುತ್ತಿದೆ.

ಮುಂದಿನ ಸಾಲಿನಲ್ಲಿ ಮೆಣಸು ಬೆಳೆಗಾರರು ಕೂತಿದ್ದೀರಿ, ನಿಮ್ಮ ಪ್ರಶ್ನೆ ನನಗೆ ಗೊತ್ತು. ಈ ಒಪ್ಪಂದದಲ್ಲಿ ಮೆಣಸಿನ ಸುಂಕ 70 ಶೇಕಡಾದಿಂದ ಹಂತ ಹಂತವಾಗಿ 50ಕ್ಕೆ ಇಳಿಯಿತು. 50 ಅಂದರೆ ಕಡಿಮೆಯೇನಲ್ಲ. ನಿಮಗೆ ಪೆಟ್ಟು ಕೊಟ್ಟದ್ದು ಅಡ್ಡದಾರಿ. ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಲ್ಲಿ ಕಡಿಮೆ ಸುಂಕಕ್ಕೆ ಒಳಗೆ ಬರುತ್ತಿದೆ ಅನ್ನೋದು ಕೊಡಗು, ಚಿಕ್ಕಮಗಳೂರಿನ ಹಳೇ ದೂರು. ಅದಕ್ಕೇ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿದ್ದು. 2020ರಲ್ಲಿ ಮೂಲ ದೇಶದ ಪ್ರಮಾಣಪತ್ರದ ತಪಾಸಣೆಯನ್ನೂ ಬಿಗಿ ಮಾಡಿದರು. ಹಾಗಾಗಿ ಮರುಪರಿಶೀಲನೆಯ ಸುದ್ದಿ ಬಂದಾಗ ಸುಂಕದ ಅಂಕಿ ಒಂದನ್ನೇ ನೋಡಬೇಡಿ. ಸರಕು ಎಲ್ಲಿ ಬೆಳೆದದ್ದು ಅಂತ ತೋರಿಸುವ ನಿಯಮ ಏನಾಯ್ತು ಅನ್ನೋದನ್ನು ಮೊದಲು ಓದಿ.

ಇನ್ನು ನಾನು ಕೇಳೋದು ಒಂದೇ. ಆಸಿಯಾನ್ ದೇಶಗಳು ಚೀನಾ, ಜಪಾನ್, ದಕ್ಷಿಣ ಕೊರಿಯಾ ಜೊತೆ ಸೇರಿ ತುರ್ತು ಅಕ್ಕಿ ದಾಸ್ತಾನಿನ ವ್ಯವಸ್ಥೆ ಮಾಡಿಕೊಂಡಿವೆ. ಬರ, ಪ್ರವಾಹ ಬಂದಾಗ ಕೊಡಲು ಒಟ್ಟು 7,87,000 ಟನ್ ಅಕ್ಕಿ ಎತ್ತಿಡುವ ಮಾತಾಗಿದೆ. ಅದರಲ್ಲಿ ಚೀನಾದ ಪಾಲು 3,00,000 ಟನ್. ಜಗತ್ತಿನಲ್ಲೇ ಅತಿ ಹೆಚ್ಚು ಅಕ್ಕಿ ರಫ್ತು ಮಾಡುವ ಭಾರತ ಆ ಪಟ್ಟಿಯಲ್ಲಿ ಇಲ್ಲ! ನಮ್ಮ ಆಹಾರ ನಿಗಮದ ಗೋದಾಮುಗಳಲ್ಲಿ ಅಕ್ಕಿ ತುಂಬಿ ತುಳುಕಿದ ವರ್ಷಗಳಿವೆ. ಅದರಲ್ಲಿ ಒಂದು ಪಾಲನ್ನು ಇವರಿಗೆ ಅಂತ ಎತ್ತಿಡೋಣ. ಬದಲಿಗೆ ಜಕಾರ್ತಾ, ಕೌಲಾಲಂಪುರ ಎಣ್ಣೆಯ ವಿಷಯದಲ್ಲಿ ಅಂಥದ್ದೇ ಮಾತು ಕೊಡಲಿ. ನಿಷೇಧ ಹಾಕಲೇಬೇಕಾಗಿ ಬಂದರೆ ಇಂತಿಷ್ಟು ದಿನ ಮುಂಚೆ ತಿಳಿಸಬೇಕು, ಹೊರಟ ಹಡಗಿನ ಸರಕನ್ನು ತಡೆಯಬಾರದು ಅಂತ ಒಪ್ಪಂದದಲ್ಲೇ ಬರೆಯಲಿ. ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದದಲ್ಲೂ ಮುನ್ಸೂಚನೆಯ ನಿಯಮವಿದೆ, ಆದರೆ ಅದಕ್ಕೆ ಹಲ್ಲಿಲ್ಲ. ಎರಡು ಕಡೆಯವರೇ ಕೂತು ಬರೆದುಕೊಂಡರೆ ಅದಕ್ಕೆ ದಂಡವನ್ನೂ ಸೇರಿಸಬಹುದು.

ಪ್ರಶ್ನೆಗಳಿದ್ದರೆ ಕೇಳಿ. ಮೆಣಸಿನವರು ಮೊದಲು.